ಇಪ್ಪತ್ತನಾಲ್ಕನೆಯ ನಳಿಕೆ

ಮಗಳ ಕೆಲಸ ಏನೆಂದು ನೆರೆಹೊರೆಯವರಿಗೆ ಹೇಳುವುದೇ ಶಿವಬಸವ್ವನಿಗೆ ಒಂದು ಫಜೀತಿಯಾಗಿತ್ತು. ಪುಣೆ ಹತ್ತಿರದ ಪಿಂಪ್ರಿಯ ಆ ಕಾಲನಿಯಲ್ಲಿ ಒಬ್ಬರ ಮಗಳು ಬ್ಯಾಂಕಿನಲ್ಲಿ, ಇನ್ನೊಬ್ಬರ ಸೊಸೆ ಕಾರು ಕಂಪನಿಯಲ್ಲಿ. ಎಲ್ಲ ಒಂದೇ ಮಾತಿಗೆ ತಿಳಿಯುವಂಥ ಕೆಲಸಗಳು. "ನಿಮ್ಮ ಶೈಲಾ ಏನ್ ಮಾಡ್ತಾಳ್ರಿ?" ಎಂದು ಯಾರಾದರೂ ಕೇಳಿದರೆ ಶಿವಬಸವ್ವ ಸೆರಗು ಸರಿಮಾಡಿಕೊಂಡು, "ಮಂದಿ ಬೂಷ್ಟು ಹಿಡದ ರೊಟ್ಟಿ ತಿಪ್ಪಿಗೆ ಒಗೀತಾರ್ರಿ. ನಮ್ಮಾಕಿ ಬೂಷ್ಟನ್ನ ಫ್ರಿಜ್ಜಿನ್ಯಾಗ ಇಟ್ಟು ಜ್ವಾಪಾನ ಮಾಡ್ತಾಳ," ಎನ್ನುತ್ತಿದ್ದಳು. ಒಳಗೊಳಗೆ ಆಕೆಗೆ ಹೆಮ್ಮೆಯೇ ಇತ್ತು. ಕೇಳಿದವರಿಗೆ ಮಾತ್ರ ಅದು ಬೈಗುಳದಂತೆ ಕೇಳಿಸುತ್ತಿತ್ತು.

ತಾಯಿ ಹೇಳುವುದು ಪೂರಾ ಸುಳ್ಳೂ ಅಲ್ಲ. ಹಡಪಸರದಾಚೆಯ ಸಸ್ಯರೋಗ ಸಂಶೋಧನಾಲಯವೊಂದರಲ್ಲಿ ಶೈಲಾ ಪಿಎಚ್‌ಡಿ ಮಾಡುತ್ತಿದ್ದದ್ದು ಕಬ್ಬಿನ ಕಾಡಿಗೆ ರೋಗದ ಮೇಲೆ. ಆ ಶಿಲೀಂಧ್ರ ಹೊಕ್ಕ ಕಬ್ಬಿನ ಸುಳಿಯಿಂದ ಚಾಟಿಯಂಥ ಉದ್ದನೆಯ ಕಡ್ಡಿಯೊಂದು ಹೊರಟು, ಮೈತುಂಬ ಮಸಿ ಬಳಿದುಕೊಂಡು ಗಾಳಿಗೆ ತೂಗುತ್ತದೆ. ಗಾಳಿ ಹೋದತ್ತ ಮಸಿ, ಮಸಿ ಬಿದ್ದಲ್ಲಿ ರೋಗ. ಬಾರಾಮತಿಯಿಂದ ಇಂದಾಪುರದವರೆಗೆ ಅರವತ್ತೊಂಬತ್ತು ಹೊಲ ಹೊಕ್ಕು ಶೈಲಾ ಆ ಮಸಿಯನ್ನು ಪೊಟ್ಟಣ ಕಟ್ಟಿ ತಂದಿದ್ದಳು. ಕೈ ಮುಖ ಕಪ್ಪು ಮಾಡಿಕೊಂಡು ಬಸ್ಸು ಹತ್ತಿದವಳನ್ನು ಕಂಡಕ್ಟರು ಗ್ಯಾರೇಜಿನಲ್ಲಿ ದುಡಿಯುವವಳೆಂದು ತಿಳಿದು, ತನ್ನ ಸ್ಕೂಟರಿನ ತಕರಾರು ಹೇಳಿಕೊಂಡಿದ್ದೂ ಉಂಟು.

ಆಕೆಗೆ ಬೇಕಾದದ್ದು ಈ ಮಸಿಯ ವಂಶಾವಳಿ. ಅರವತ್ತೊಂಬತ್ತು ಹೊಲದ ರೋಗವೂ ಒಂದೇ ಬಳಗವೋ, ಬೇರೆ ಬೇರೆಯೋ? ಒಂದೇ ಬಳಗವಾದರೆ ಅದಕ್ಕೆ ಜಗ್ಗದ ಒಂದು ಗಟ್ಟಿ ಕಬ್ಬಿನ ತಳಿ ಹುಡುಕಿದರೆ ಸಾಕು. ಹಲವಾದರೆ, ಒಂದಕ್ಕೆ ಜಗ್ಗದ ಕಬ್ಬು ಇನ್ನೊಂದಕ್ಕೆ ಬಗ್ಗುತ್ತದೆ. ಇದನ್ನು ಬಿಡಿಸಲು ಶೈಲಾ ಹಿಡಿದದ್ದು ಮೈಟೊಕಾಂಡ್ರಿಯದ ದಾರಿ. ಮೈಟೊಕಾಂಡ್ರಿಯ ಅಂದರೆ ಜೀವಕೋಶದೊಳಗಿನ ಒಲೆ. ಮನೆಯ ದೊಡ್ಡ ಕಾರುಬಾರಿನ ಡಿಎನ್‌ಎ ಬೇರೆಯೇ ಇದ್ದರೂ ಈ ಒಲೆಗೆ ತನ್ನದೇ ಒಂದು ಪುಟ್ಟ ಡಿಎನ್‌ಎ ಉಂಟು. ಮನುಷ್ಯರಲ್ಲಿ ಅದು ತಾಯಿಯಿಂದ ಮಾತ್ರ ಬರುತ್ತದೆ; ಅಪ್ಪ ಎಷ್ಟು ಮೀಸೆ ತಿರುವಿದರೂ ಆ ವಿಷಯದಲ್ಲಿ ಅವನ ಆಟ ನಡೆಯದು. ಕಾಡಿಗೆ ಶಿಲೀಂಧ್ರದಲ್ಲಿ ಗಂಡು ಹೆಣ್ಣು ಎಂಬುದಿಲ್ಲ, ಎರಡು ಪಂಗಡ ಅಷ್ಟೆ. ಅವು ಕೂಡಿದಾಗಲೂ ಒಲೆ ಬಹುಮಟ್ಟಿಗೆ ಒಂದೇ ಕಡೆಯಿಂದ ಬರುತ್ತದೆ. ಹಾಗಾಗಿ ಒಲೆಯ ಡಿಎನ್‌ಎ ಓದಿದರೆ ಯಾರು ಯಾವ ಬಳಗ ಎಂಬುದು ಗೊತ್ತಾಗುತ್ತದೆ.

ಓದಿಸಿದ್ದಾಯಿತು. ಅರವತ್ತೊಂಬತ್ತರಲ್ಲಿ ಅರವತ್ತೊಂದು ಒಂದು ಬಳಗ, ಎಂಟು ಇನ್ನೊಂದು. ಶೈಲಾ ಮೊದಲನೆಯದಕ್ಕೆ ದೊಡ್ಡವ್ವ ಎಂದೂ ಎರಡನೆಯದಕ್ಕೆ ಸಣ್ಣವ್ವ ಎಂದೂ ಹೆಸರಿಟ್ಟು, ಆ ದಿನ ಮನೆಗೆ ಹೋಗುವಾಗ ಅರ್ಧ ಕಿಲೋ ಪೇಢೆ ಒಯ್ದಳು. ಆ ಪೇಢೆ ಮುಗಿಯುವ ಮೊದಲೇ ವಿಘ್ನ ಬಂತು. ಬಂದದ್ದು ಒಂದು ಖಾಲಿ ನಳಿಕೆಯಿಂದ.

ಡಿಎನ್‌ಎಯನ್ನು ಓದುವ ಮೊದಲು ಯಂತ್ರದಲ್ಲಿಟ್ಟು ಲಕ್ಷಗಟ್ಟಲೆ ಪ್ರತಿ ಮಾಡಿಸಬೇಕಾಗುತ್ತದೆ. ಬೆರಳಿನ ಉಗುರಿನಷ್ಟು ನಳಿಕೆಗಳು, ಒಂದು ತಟ್ಟೆಗೆ ಇಪ್ಪತ್ತನಾಲ್ಕು. ಇಪ್ಪತ್ಮೂರಕ್ಕೆ ಒಂದೊಂದು ಹೊಲದ ಡಿಎನ್‌ಎ ಒಂದೊಂದು ಹನಿ. ಇಪ್ಪತ್ತನಾಲ್ಕನೆಯದಕ್ಕೆ ಪ್ರತಿ ಮಾಡಿಸುವ ರಾಸಾಯನಿಕಗಳ ಮಸಾಲೆಯೆಲ್ಲ ಹಾಕಿ, ಡಿಎನ್‌ಎ ಬದಲು ಬರೀ ನೀರು. ಯಂತ್ರದಿಂದ ತೆಗೆದು ನೀಲಿ ಬೆಳಕಿನಲ್ಲಿ ನೋಡಿದರೆ ಇಪ್ಪತ್ಮೂರು ಸಾಲು ಮಿನುಗಬೇಕು, ಕೊನೆಯದು ಕತ್ತಲೆಯಾಗಿರಬೇಕು. ಶೈಲಾಳ ಮೂರೂ ತಟ್ಟೆಗಳಲ್ಲಿ ಕೊನೆಯದೂ ಮಿನುಗುತ್ತಿತ್ತು. ಮಿನುಗು ಮಂಕಾಗಿದ್ದುದರಿಂದ ಮೊದಮೊದಲು ಆಕೆ ಅದನ್ನು ಕಂಡೂ ಕಾಣದವಳಂತೆ ಇದ್ದಳು. ಆಪಟೆ ಮೇಡಂ ಕಣ್ಣಿಗೆ ಮಂಕು ಎಂಬುದಿರಲಿಲ್ಲ.

ಆಪಟೆ ಮೇಡಂ ಶೈಲಾಳ ಮಾರ್ಗದರ್ಶಕಿ, ಪುಣೆಯ ಹಳೆಯ ಬಡಾವಣೆ ಸದಾಶಿವ ಪೇಠೆಯಲ್ಲಿ ಹುಟ್ಟಿ ಬೆಳೆದವರು. ನಿಯಮವೆಂದರೆ ಪ್ರಾಣ. ಪ್ರಯೋಗಾಲಯದ ಗೋಡೆಯ ತುಂಬ ಅವರೇ ಬರೆಸಿದ ಮರಾಠಿ ಫಲಕಗಳು: "ಕೈ ತೊಳೆಯದೆ ಒಳಬರುವ ವಿದ್ವಾಂಸರು ಹಾಗೆಯೇ ಹಿಂದಿರುಗಬಹುದು." "ಫ್ರಿಜ್ಜಿನಲ್ಲಿರುವುದು ರೋಗ. ನಿಮ್ಮ ಉಪ್ಪಿನಕಾಯಿಗೆ ಬೇರೆ ಜಾಗ ನೋಡಿ." ಮತ್ತು ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ, "ಸಂಶೋಧಕರ ಹೊರತು ಯಾರೂ ನಮೂನೆ ಮುಟ್ಟಕೂಡದು." ಇವರು ಮೂರೂ ತಟ್ಟೆಗಳ ಮಿನುಗಿನ ಚಿತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಮೆತ್ತಗೆ ಕೇಳಿದರು.

"ನೀರಿಗೂ ಕಾಡಿಗೆ ರೋಗ ಬಂದಿದೆಯೇ, ಶೈಲಾ?"

ಶೈಲಾ ಚಿತ್ರವೊಂದರ ಕೊನೆಯ ಸಾಲನ್ನು ಬೆರಳಿನಿಂದ ಮುಚ್ಚಿದಳು.

"ನಿನ್ನ ನೀರಿನಲ್ಲಿ, ಮಸಾಲೆಯಲ್ಲಿ, ಎಲ್ಲೋ ಒಂದು ಕಡೆ ಹಳೆಯ ಡಿಎನ್‌ಎ ಸೇರಿದೆ. ನಿನ್ನ ದೊಡ್ಡವ್ವ ಅರವತ್ತೊಂದು ಹೊಲದಲ್ಲಿದ್ದಾಳೋ, ನಿನ್ನ ಒಂದೇ ಒಂದು ಬಾಟಲಿಯಲ್ಲಿದ್ದಾಳೋ, ಯಾರಿಗೆ ಗೊತ್ತು? ಬರುವ ಸೋಮವಾರದೊಳಗೆ ಇದಕ್ಕೆ ಕಾರಣ ತೋರಿಸು. ಇಲ್ಲವಾದರೆ ಅರವತ್ತೊಂಬತ್ತೂ ಕಸದ ಬುಟ್ಟಿಗೆ. ಹೊಸ ಹಂಗಾಮಿಗೆ ಹೊಸದಾಗಿ ಹೊಲಕ್ಕೆ ಹೋಗು."

ಹೊಸ ಹಂಗಾಮು ಬರುವ ಹೊತ್ತಿಗೆ ಶೈಲಾಳ ಫೆಲೋಶಿಪ್ಪೇ ಮುಗಿದಿರುತ್ತಿತ್ತು. ಅಂದರೆ ಮೂರು ವರ್ಷದ ಕೆಲಸವೂ ಹೋಯಿತು, ಪಿಎಚ್‌ಡಿಯೂ ಹೋಯಿತು. ಇದ್ದ ಡಿಎನ್‌ಎಯಲ್ಲಿ ಪ್ರತಿ ಹೊಲದ್ದೂ ಇನ್ನೊಂದೇ ಸಲಕ್ಕೆ ಸಾಲುವಷ್ಟು ಉಳಿದಿತ್ತು. ಅದನ್ನು ಕಾರಣ ತಿಳಿಯದೆ ಮುಟ್ಟುವಂತಿರಲಿಲ್ಲ.

ಆ ವಾರ ಶೈಲಾ ಮಾಡಿದ ಸ್ವಚ್ಛತೆಯನ್ನು ದೀಪಾವಳಿಗೆ ಶಿವಬಸವ್ವನೂ ಮಾಡಿರಲಿಲ್ಲ. ಮಸಾಲೆ ಬದಲಿಸಿದಳು, ಮೇಜು ಒರೆಸಿದಳು, ಕೈಗವಸು ಒಂದರ ಮೇಲೊಂದು ಎರಡೆರಡು ಹಾಕಿದಳು. ತನ್ನ ಜಡೆಯ ಮೇಲೂ ಅನುಮಾನ ಬಂದು ಟೋಪಿ ಹಾಕಿಕೊಂಡಳು. ನೀರಿನ ಬಾಟಲಿಯೊಂದನ್ನು ಮಾತ್ರ ಸಾಕ್ಷಿಗೆಂದು ಎತ್ತಿಟ್ಟಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವುದು ಎನ್ನುತ್ತಾರಲ್ಲ, ಹಾಗೆ. ಕೂಸು ಕಂಕುಳಲ್ಲಿ ಅಲ್ಲ, ಪಕ್ಕದಲ್ಲೇ ಸ್ಟೂಲಿನ ಮೇಲೆ ಕುಳಿತು ನಳಿಕೆ ತುಂಬುತ್ತಿತ್ತು.

ಅದು ಹುಲಿಗೆವ್ವ. ಕೊಪ್ಪಳದ ಕಡೆಯವಳು, ಐವತ್ತು ದಾಟಿದ ಹೆಂಗಸು. ಗಂಡ ಚಾಕಣದಲ್ಲಿ ಕಾರ್ಖಾನೆ ಕಟ್ಟುವ ಕೂಲಿ. ಇವಳು ಗುತ್ತೇದಾರನ ಮೂಲಕ ಇಲ್ಲಿ ಗಾಜು ತೊಳೆಯಲು ಬಂದವಳು. ಪುಣೆಯಲ್ಲಿ ಕೈಕೆಲಸದ ಹೆಂಗಸರೆಲ್ಲ ಮಾವಶಿಯರೇ, ಅಂದರೆ ಚಿಕ್ಕಮ್ಮಂದಿರೇ, ಹಾಗಾಗಿ ಇವಳೂ ಹುಲಿಗೆವ್ವ ಮಾವಶಿ. ಅಕ್ಷರ ಬಾರದು, ಅಂಕಿ ಬರುತ್ತದೆ. ಇನ್ನೊಂದು ಬರುತ್ತಿತ್ತು, ಅದು ಇಡೀ ಸಂಶೋಧನಾಲಯದಲ್ಲಿ ಯಾರಿಗೂ ಬಾರದ್ದು: ಕೈ ಅಲುಗದಂತೆ ಹನಿ ಬಿಡುವುದು. ಶೈಲಾಳ ಕೈ ಹುಟ್ಟಾ ನಡುಗುವ ಕೈ. ಚಹಾದ ಕಪ್ಪು ಕೊಟ್ಟರೆ ಬಸಿಗೆ ಅರ್ಧ ಬರುತ್ತಿತ್ತು. ಸಾಸಿವೆ ಕಾಳಿಗಿಂತ ಚಿಕ್ಕ ಹನಿ ಬಿಡುವ ಪಿಪೆಟ್ಟು ಹಿಡಿದರೆ ಕೇಳುವುದೇ ಬೇಡ. ಒಂದು ದಿನ ಅಳುಮೋರೆ ಮಾಡಿಕೊಂಡು ಕುಳಿತಾಗ ಹುಲಿಗೆವ್ವ, "ತರ್ರಿ ಇತ್ತಾಗ," ಎಂದು ಪಿಪೆಟ್ಟು ಇಸಿದುಕೊಂಡವಳು ಇಪ್ಪತ್ಮೂರು ಹನಿಯನ್ನು ಇಪ್ಪತ್ಮೂರು ಮುತ್ತಿನಂತೆ ಇಳಿಸಿದ್ದಳು.

ಅಂದಿನಿಂದ ಅದೇ ರೂಢಿಯಾಯಿತು. ಮಧ್ಯಾಹ್ನ ಒಂದಕ್ಕೆ ಮೇಡಂ ಊಟಕ್ಕೆಂದು ಮನೆಗೆ ಹೋಗಿ, ವಾಮಕುಕ್ಷಿ ಎಂಬ ಊಟದ ಮೇಲಿನ ನಿದ್ದೆ ಮುಗಿಸಿ, ನಾಲ್ಕಕ್ಕೆ ಬರುತ್ತಿದ್ದರು. ಆ ಹೊತ್ತಿನಲ್ಲಿ ಹುಲಿಗೆವ್ವ ಹನಿ ಹಾಕುವಳು. ಶೈಲಾ ಬಾಗಿಲ ಬಳಿ ನಿಂತು, ಮೇಡಂ ಸ್ಕೂಟಿಯ ಸದ್ದಿಗೆ ಕಿವಿಗೊಟ್ಟು ಕಾಯುವಳು. ಪಿಎಚ್‌ಡಿ ಮಾಡುವವಳು ಪಹರೆ, ಪಾತ್ರೆ ತೊಳೆಯುವವಳು ಪ್ರಯೋಗ. ಇದರಲ್ಲಿ ತಪ್ಪೇನಾದರೂ ಇದ್ದೀತೆಂದು ಶೈಲಾಳಿಗೆ ಒಮ್ಮೆಯೂ ಹೊಳೆಯಲಿಲ್ಲ. ಸಿಕ್ಕಿಬಿದ್ದೇನೆಂಬ ಭಯ ಮಾತ್ರ ಇತ್ತು.

ಆ ವಾರದ ಮೊದಲಲ್ಲೇ ಆಕೆ ರೇಗಿ ಹೋಗಿ ಯಾರೂ ಮಾಡದ ಕೆಲಸವೊಂದನ್ನು ಮಾಡಿದ್ದಳು. ಮೂರೂ ಖಾಲಿ ನಳಿಕೆಗಳ ಡಿಎನ್‌ಎಯನ್ನೇ ಓದಲು ಕಳಿಸಿದ್ದಳು. ಶುಕ್ರವಾರ ಫಲಿತಾಂಶ ಬಂತು, ಅದನ್ನು ಅಕ್ಷರ ಅಕ್ಷರ ಹೋಲಿಸುತ್ತ ಕುಳಿತಳು. ಮೊದಲನೆಯ ತಟ್ಟೆಯ ನೀರು: ದೊಡ್ಡವ್ವ. ಮೂರನೆಯದು: ದೊಡ್ಡವ್ವ. ನಡುವಿನದು: ಸಣ್ಣವ್ವ. ಶೈಲಾ ಕಣ್ಣುಜ್ಜಿಕೊಂಡಳು. ಮೂರಕ್ಕೂ ಬಳಸಿದ್ದು ಒಂದೇ ಬಾಟಲಿಯ ನೀರು. ಬಾಟಲಿಯೇ ಕೆಟ್ಟಿದ್ದರೆ ಮೂರು ಸಲವೂ ಒಂದೇ ಕೊಳೆ ಕಾಣಬೇಕಿತ್ತು. ಒಂದು ಬಾಟಲಿ ಒಂದು ದಿನ ದೊಡ್ಡವ್ವನನ್ನೂ ಮರುದಿನ ಸಣ್ಣವ್ವನನ್ನೂ ಹಡೆಯುವುದು ಹೇಗೆ?

ನಡುವಿನ ತಟ್ಟೆಯಲ್ಲಿ ಸಣ್ಣವ್ವನ ಬಳಗ ಯಾವ ಯಾವ ನಳಿಕೆಯಲ್ಲಿತ್ತು ಎಂದು ಪಟ್ಟಿ ತೆಗೆದಳು. ಎರಡೇ ಇದ್ದವು. ಒಂದು ಏಳನೆಯದು. ಇನ್ನೊಂದು ಇಪ್ಪತ್ಮೂರನೆಯದು, ಅಂದರೆ ಖಾಲಿ ನಳಿಕೆಯ ನೆರೆಮನೆ. ಮತ್ತೆರಡು ತಟ್ಟೆಗಳಲ್ಲಿ ಇಪ್ಪತ್ಮೂರನೆಯದು ದೊಡ್ಡವ್ವನೇ. ಕೊಳೆ ಎಲ್ಲೆಲ್ಲಿಂದಲೋ ಬರುತ್ತಿರಲಿಲ್ಲ. ಪ್ರತಿಸಲವೂ ಪಕ್ಕದ ಮನೆಯಿಂದಲೇ ಬರುತ್ತಿತ್ತು.

ಶನಿವಾರ ಮಧ್ಯಾಹ್ನ ಮೇಡಂ ಹೋದ ಮೇಲೆ, ಕಲಿಯುವವರಿಗೆಂದು ಇಟ್ಟಿದ್ದ ಹಳೆಯ ಡಿಎನ್‌ಎ ತೆಗೆದು ಶೈಲಾ ಒಂದು ತಟ್ಟೆ ಹೂಡಿದಳು. ಈ ಸಲ ಬಾಗಿಲಿಗೆ ಹೋಗಲಿಲ್ಲ. ಎದುರು ಸ್ಟೂಲು ಎಳೆದುಕೊಂಡು ಕುಳಿತು, ಮೂರು ತಿಂಗಳಲ್ಲಿ ಮೊದಲ ಬಾರಿಗೆ ಹುಲಿಗೆವ್ವನ ಕೈಯನ್ನು ನೋಡಿದಳು. ಒಂದು, ಎರಡು, ಮೂರು. ಪ್ರತಿ ಹನಿಗೂ ಪಿಪೆಟ್ಟಿಗೆ ಹೊಸ ಪ್ಲಾಸ್ಟಿಕ್ ತುದಿ, ಹಳೆಯದು ಡಬ್ಬಿಗೆ. ತಪ್ಪು ಹುಡುಕುವಂತಿರಲಿಲ್ಲ. ಇಪ್ಪತ್ತೆರಡು, ಇಪ್ಪತ್ಮೂರು. ಆಮೇಲೆ ಹುಲಿಗೆವ್ವ ತುದಿ ಎಸೆಯಲಿಲ್ಲ. ಅದರಲ್ಲಿ ಅಂಟಿಕೊಂಡಿದ್ದ ಕೊಂಚವನ್ನು, ತೀರಾ ಸಹಜವಾಗಿ, ಇಪ್ಪತ್ತನಾಲ್ಕನೆಯದಕ್ಕೆ ಮುಟ್ಟಿಸಿದಳು.

ಶೈಲಾ ತಟ್ಟೆಗೆ ಕೈ ಅಡ್ಡ ಹಿಡಿದಳು. "ಮಾವಶಿ, ಅದಕ್ಕ್ಯಾಕ ಹಾಕಿದ್ರಿ?"

"ಯಾವುದಕ್ಕ್ರಿ?"

"ಕಡೀದಕ್ಕ. ಅದು ಖಾಲಿ ಇರಬೇಕಲ್ರಿ."

ಹುಲಿಗೆವ್ವ ಪಿಪೆಟ್ಟು ಕೆಳಗಿಟ್ಟಳು. "ಇಷ್ಟು ಮಂದಿ ಸಾಲಿಗೆ ಕುಂತಾಗ ಎಲ್ಲಾರಿಗೂ ನೀಡಿ, ಕಡೀಗೆ ಕುಂತಾಕಿ ಎಲಿ ಒಂದು ಬರಿದು ಬಿಟ್ಟು ಎದ್ದು ಬರೂದು ಹ್ಯಾಂಗ್ರಿ ಅಕ್ಕಾರ? ಅದು ಪಾಪ ಅಲ್ಲೇನ್ರಿ? ಹೆಚ್ಚೇನ್ ಹಾಕಿಲ್ರಿ. ಬಾಜೂದಾಕಿ ಎಲಿಯಾಗಿಂದು ಒಂದು ಅಗಳು."

ಮೂರು ವರ್ಷ, ಅರವತ್ತೊಂಬತ್ತು ಹೊಲ, ಒಂದು ಅಗಳು. ಶೈಲಾಳಿಗೆ ಮೊದಲು ಸಿಟ್ಟು ನೆತ್ತಿಗೇರಿತು, ಹಿಂದೆಯೇ ನಗು ಬಂತು. ಎರಡೂ ಒಟ್ಟಿಗೆ ಬಂದು ಕೆಮ್ಮು ಹತ್ತಿತು. ಊಟದ ಸಾಲಿನಲ್ಲಿ ಒಬ್ಬರನ್ನು ಬಿಟ್ಟು ಬಡಿಸಿದ್ದಕ್ಕೆ ಶಿವಬಸವ್ವ ತನ್ನ ಸ್ವಂತ ನಾದಿನಿಯ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದಳು. ಅಂಥ ಮನೆಯಲ್ಲಿ ಬೆಳೆದವಳಿಗೆ ಇದು ಹೊಸದೇನಲ್ಲ. ಆದರೂ ಸಿಟ್ಟು ಇಳಿಯಲಿಲ್ಲ.

"ನನ್ನನ್ನ ಒಂದು ಮಾತು ಕೇಳಬೇಕಿಲ್ಲೇನ್ರಿ?" ಎಂದಳು.

"ಕೇಳಿದ್ನಿ. ಮೊದಲನೇ ದಿನಾನ ಕೇಳಿದ್ನಿ, ಇದಕ್ಕೇನೂ ಇಲ್ಲೇನ್ರಿ ಅಕ್ಕಾರ ಅಂತ. ನೀವು, 'ಅದು ಲೆಕ್ಕಕ್ಕಿಲ್ಲ, ಬಿಡ್ರಿ' ಅಂದು ಬಾಗಲಕ್ಕ ಓಡಿದ್ರಿ." ಹುಲಿಗೆವ್ವ ಸೆರಗಿನಿಂದ ಕತ್ತು ಒರೆಸಿಕೊಂಡಳು. "ಲೆಕ್ಕಕ್ಕ ಇಲ್ಲದಾರಿಗೆ ನಾವಽ ಅಲ್ಲೇನ್ರಿ ಒಂದು ಅಗಳು ಹಾಕಬೇಕು? ಮತ್ಯಾರು ಹಾಕ್ತಾರ?"

ಶೈಲಾಳ ಸಿಟ್ಟು ಅಲ್ಲಿಗೆ ನಿಂತಿತು. ಅವತ್ತು ತಾನು ಹಾಗೆ ಹೇಳಿದ್ದು ಆಕೆಗೆ ನೆನಪಿಗೆ ಬಂತು. ಗಾಜು ತೊಳೆಯುವವಳಿಗೆ ಇದೆಲ್ಲ ಬಿಡಿಸಿ ಹೇಳುವುದು ಯಾಕೆ ಎಂದುಕೊಂಡದ್ದೂ ನೆನಪಿಗೆ ಬಂತು. ಸ್ಟೂಲು ಹತ್ತಿರ ಎಳೆದುಕೊಂಡು ಆಗ ಹೇಳದ್ದನ್ನು ಈಗ ಹೇಳಿದಳು. "ಆ ಕಡೀದು ಲೆಕ್ಕಕ್ಕಿಲ್ಲ ಅಂದಿದ್ದು ನನ್ನ ತಪ್ಪು ಮಾವಶಿ. ಎಲ್ಲಾಕ್ಕಿಂತ ಅದರದಽ ಲೆಕ್ಕ ಭಾಳ. ಅದರಾಗ ಏನೂ ಬರಲಿಲ್ಲ ಅಂದ್ರ ನಮ್ಮ ಕೈ, ನಮ್ಮ ನೀರು ಸ್ವಚ್ಛ ಅದಾವು ಅಂತ. ಆಗ ಉಳಿದ ಇಪ್ಪತ್ಮೂರು ಹೇಳಿದ್ದು ಖರೆ. ಅದರಾಗ ಏನರ ಬಂತು ಅಂದ್ರ ಎಲ್ಲಾನೂ ಸುಳ್ಳು."

ಹುಲಿಗೆವ್ವ ನಳಿಕೆಯತ್ತ ಬಗ್ಗಿದಳು. "ಹಂಗಾರ ಆಕಿ ಉಪವಾಸದಾಕಿ ಅನ್ರಿ."

"ಹೌದ್ರಿ. ಉಪವಾಸದಾಕಿ."

"ಅಯ್ಯ ಶಿವನೇ. ಉಪವಾಸದಾಕಿ ಬಾಯಾಗ ಅನ್ನ ತುರಕೀನಲ್ರಿ ನಾ. ಮೂರು ಸಲ."

ಶೈಲಾ ನಕ್ಕಳು. ನಗುತ್ತಿದ್ದವಳ ಬೆನ್ನ ಹಿಂದೆ ಯಾರೋ ಕೆಮ್ಮಿದರು. ಬಾಗಿಲಲ್ಲಿ ಆಪಟೆ ಮೇಡಂ ನಿಂತಿದ್ದರು. ಅವರ ಓಣಿಯಲ್ಲಿ ಯಾರದೋ ಮದುವೆಯ ಬ್ಯಾಂಡು ಬಂದು ಅಂದಿನ ವಾಮಕುಕ್ಷಿ ಕೆಟ್ಟಿತ್ತು. ಪಹರೆಯವಳು ಒಳಗೆ ಕುಳಿತಿದ್ದರಿಂದ ಸ್ಕೂಟಿಯ ಸದ್ದು ಯಾರಿಗೂ ಕೇಳಿಸಿರಲಿಲ್ಲ. ಕನ್ನಡ ಅವರಿಗೆ ಒಂದಕ್ಷರವೂ ತಿಳಿಯದು. ಆದರೆ ಮಾವಶಿಯ ಮುಂದಿದ್ದ ಪಿಪೆಟ್ಟೂ ನಳಿಕೆಗಳ ಸಾಲೂ ಯಾವ ಭಾಷೆಯಲ್ಲೂ ಒಂದೇ.

"ಹೇ ಕಾಯ್ ಚಾಲಲಂಯ್?" ಇದೇನು ನಡೆಸಿದ್ದೀರಿ ಎಂದು ಮರಾಠಿಯಲ್ಲಿ ಕೇಳಿದರು.

ಶೈಲಾಳ ನಾಲಗೆಯ ತುದಿಯಲ್ಲಿ ಒಂದು ವಾಕ್ಯ ಸಿದ್ಧವಾಗಿ ಬಂದು ಕೂತಿತ್ತು: ನಾನಿಲ್ಲದಾಗ ಮಾವಶಿ ತಾನಾಗಿ ಮುಟ್ಟಿದ್ದಾಳೆ. ಅಷ್ಟು ಹೇಳಿದರೆ ಮುಗಿಯಿತು. ಖಾಲಿ ನಳಿಕೆಗೆ ಕಾರಣವೂ ಸಿಕ್ಕಿತು, ಇನ್ನೊಂದು ಅವಕಾಶವೂ ಸಿಕ್ಕಿತು. ಹುಲಿಗೆವ್ವನಿಗೆ ನಾಳೆಯಿಂದ ಕೆಲಸ ಇರುವುದಿಲ್ಲ, ಅಷ್ಟೆ. ಹುಲಿಗೆವ್ವ ಎದ್ದು ನಿಂತು ಎರಡೂ ಕೈಯನ್ನು ಸೆರಗಿನೊಳಗೆ ಅಡಗಿಸಿಕೊಂಡಿದ್ದಳು. ಅಷ್ಟು ಗಟ್ಟಿ ಕೈ ಈಗ ನಡುಗುತ್ತಿತ್ತು. ಅದನ್ನು ನೋಡಿದ ಮೇಲೆ ಶೈಲಾಳಿಗೆ ಆ ವಾಕ್ಯ ಹೇಳಲು ಆಗಲಿಲ್ಲ, ಅದು ಹೊಳೆದದ್ದಕ್ಕೇ ನಾಚಿಕೆಯಾಯಿತು. ಇದ್ದದ್ದನ್ನೆಲ್ಲ ಮರಾಠಿಯಲ್ಲಿ ಹೇಳಿದಳು: ತನ್ನ ನಡುಗುವ ಕೈ, ಬಾಗಿಲ ಪಹರೆ, ಊಟದ ಸಾಲು, ಪಕ್ಕದ ಮನೆಯ ಸಣ್ಣವ್ವ. ನಮೂನೆ ಮುಟ್ಟಲು ಹೇಳಿದ್ದು ನಾನು, ಖಾಲಿ ನಳಿಕೆ ಲೆಕ್ಕಕ್ಕಿಲ್ಲ ಎಂದದ್ದೂ ನಾನೇ ಎಂದಳು.

ಮೇಡಂ ಬೈಯಲಿಲ್ಲ. ಬೈದಿದ್ದರೆ ಶೈಲಾಳಿಗೆ ಎಷ್ಟೋ ಹಗುರಾಗುತ್ತಿತ್ತು. ಅವರು ಸೂಕ್ಷ್ಮ ತಕ್ಕಡಿಯ ಗಾಜಿನ ಬಾಗಿಲು ಸರಿಸಿ, "ಇಬ್ಬರೂ ಹತ್ತತ್ತು ಹನಿ ನೀರು ಹಾಕಿ," ಎಂದರು. ಮೊದಲು ಶೈಲಾ. ತಕ್ಕಡಿಯ ಅಂಕಿ ಒಂದು ಹನಿಗೆ ಹತ್ತು ಎಂದಿತು, ಒಂದಕ್ಕೆ ಹದಿನಾಲ್ಕು ಎಂದಿತು, ಒಂದು ಹನಿಯಂತೂ ತಟ್ಟೆ ತಪ್ಪಿ ಮೇಡಂ ಸೀರೆಗೆ ಬಿತ್ತು. ಆಮೇಲೆ ಹುಲಿಗೆವ್ವ. ಕೈ ಸೆರಗಿನಿಂದ ಹೊರಬಂದು ಪಿಪೆಟ್ಟು ಹಿಡಿದದ್ದೇ ತಡ, ನಡುಕ ಎತ್ತಲೋ ಹೋಯಿತು. ಹತ್ತು, ಹತ್ತು, ಹತ್ತು, ಹತ್ತು. ಹತ್ತೂ ಹನಿ ಮುಗಿಯುವ ಹೊತ್ತಿಗೆ ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಿದ್ದರು.

"ಸೋಮವಾರ ಹನ್ನೊಂದಕ್ಕೆ ಮೂರೂ ತಟ್ಟೆ ಮತ್ತೆ ಮಾಡೋಣ," ಎಂದರು. "ಮಾವಶಿಯೇ ಹಾಕಲಿ. ನಾನು ಇಲ್ಲೇ ಕೂತಿರುತ್ತೇನೆ. ನೀನು ದೂರ ನಿಲ್ಲು."

ಸೋಮವಾರ ಹುಲಿಗೆವ್ವ ತಲೆ ಮೇಲೆ ನೀರು ಹಾಕಿಕೊಂಡು ಬಂದಿದ್ದಳು. ಉಳಿದಿದ್ದ ಕೊನೆಯ ಹನಿಗಳು, ಕೈತಪ್ಪಿದರೆ ಮತ್ತಿಲ್ಲ. ಮೊದಲ ತಟ್ಟೆಯ ಇಪ್ಪತ್ಮೂರನೆಯದು ಮುಗಿಸಿ ಆಕೆಯ ಕೈ ಹಳೆಯ ರೂಢಿಗೆ ಮುಂದೆ ಹೋಯಿತು. ಕೈ ಇಪ್ಪತ್ತನಾಲ್ಕನೆಯದರ ಮೇಲೆ ಬಂದು ನಿಂತಿತು. ಹುಲಿಗೆವ್ವ ನಳಿಕೆಗೆ, "ತಪ್ಪು ತಿಳೀಬ್ಯಾಡವ್ವ," ಎಂದು ಸಣ್ಣಗೆ ಹೇಳಿ, ತುದಿಯನ್ನು ಡಬ್ಬಿಗೆ ಎಸೆದಳು. ಮೂರು ತಟ್ಟೆಗೂ ಮೂರು ಸಲ ಹೇಳಿದಳು. ಅವಳೇನು ಹೇಳಿದಳೆಂದು ಮೇಡಂ ಕೇಳಲಿಲ್ಲ.

ಸಂಜೆ ಐದಕ್ಕೆ ನೀಲಿ ಬೆಳಕು ಹಾಕಿದರು. ಮೂರೂ ತಟ್ಟೆಗಳಲ್ಲಿ ಇಪ್ಪತ್ಮೂರು ಸಾಲು ಮಿನುಗಿದವು, ಕೊನೆಯದು ಕತ್ತಲೆ. ಓದಿಸಬೇಕಾದದ್ದು ಇನ್ನೂ ಇತ್ತು. ಆದರೆ ಅರವತ್ತೊಂಬತ್ತೂ ಉಳಿದವು. ಶೈಲಾ ಅಲ್ಲೇ ಮೇಜಿಗೆ ಒರಗಿ ಅತ್ತಳು. ಹುಲಿಗೆವ್ವ ಆಕೆಯ ಬೆನ್ನು ಸವರುತ್ತ, "ಏನೂ ಕಾಣದಿದ್ದುದಕ್ಕ ಇಷ್ಟ್ ಖುಷಿ ಪಡೂದು ಇವತ್ತಽ ನೋಡಿದ್ದು ನಾ," ಎಂದಳು.

ಮೇಡಂ ಪ್ರಯೋಗದ ದಪ್ಪ ವಹಿಯನ್ನು ಮುಂದೆ ಸರಿಸಿದರು. ತಾರೀಖು, ತಟ್ಟೆಯ ಸಂಖ್ಯೆ, ಕೊನೆಯಲ್ಲಿ ಮಾಡಿದವರ ಹೆಸರು. ಶೈಲಾ ಕಣ್ಣೊರೆಸಿಕೊಂಡು ರೂಢಿಯಂತೆ ತನ್ನ ಹೆಸರು ಬರೆಯಹೊರಟಳು. ಮೇಡಂ ಬೆರಳು ಆ ಜಾಗಕ್ಕೆ ಅಡ್ಡ ಬಂತು. "ಮಾಡಿದ್ದು ಯಾರು?" ಎಂದರು. ಶೈಲಾ "ಹುಲಿಗೆವ್ವ" ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ಬರೆದಳು.

ತನ್ನ ಹೆಸರು ಕಿವಿಗೆ ಬಿದ್ದದ್ದೇ ಹುಲಿಗೆವ್ವನ ಮುಖ ಇಳಿದುಹೋಯಿತು. "ಮತ್ತೇನ್ ತಪ್ಪಾತ್ರಿ ಅಕ್ಕಾರ? ಗುತ್ತೇದಾರ ವಹಿಯಾಗ ಹೆಸರು ಬರಕೊಂಡಾ ಅಂದ್ರ ಮರುದಿನ ಕೆಲಸ ಇರಂಗಿಲ್ರಿ."

"ತಪ್ಪಲ್ಲ ಮಾವಶಿ. ಈ ಕೆಲಸ ಯಾರು ಮಾಡ್ಯಾರ ಅಂತ ಬರಿಯೂದು. ಮಾಡಿದಾರ ಹೆಸರು ಇಲ್ಲಿರಬೇಕು."

ಹುಲಿಗೆವ್ವ ಬಗ್ಗಿ ಆ ಅಕ್ಷರಗಳನ್ನು ನೋಡಿದಳು. ಓದಲು ಬಾರದಿದ್ದರೂ ಎಡದಿಂದ ಬಲಕ್ಕೆ ನಿಧಾನವಾಗಿಯೇ ನೋಡಿದಳು. ಮುಖಕ್ಕೆ ಮತ್ತೆ ಕಳೆ ಬಂತು. ಆಮೇಲೆ ಏನೋ ಹೊಳೆದು, ಯಾವ ಕುಹಕವೂ ಇಲ್ಲದೆ ಕೇಳಿದಳು.

"ಹಂಗಾರ ಹಿಂದಿನ ಮೂರು ಸಲಾನೂ ನನ್ನ ಹೆಸರಽ ಬರದೀರೇನ್ರಿ?"

ಶೈಲಾ ಪೆನ್ನು ಕೈಯಲ್ಲಿ ಹಿಡಿದುಕೊಂಡೇ ವಹಿಯಲ್ಲಿ ತನ್ನ ಹೆಸರು ಬರೆದಿದ್ದ ಹಿಂದಿನ ಪುಟಗಳನ್ನು ತಿರುವತೊಡಗಿದಳು.